ಲಾಭ ಇಮ್ಮಡಿ, ಡಿವಿಡೆಂಡ್ ಹಳೆಯದೇ: ಹೂಡಿಕೆಯ ‘ನ್ಯಾಯಯುತ ಮೌಲ್ಯ’ದ ಲೆಕ್ಕ ಹೇಗೆ?

ಕುಮಟಾ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಕುಮಟಾ ತಾಲೂಕಿನ ಪ್ರಾಥಮಿಕ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತಳಾದವಳು ನಾನು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತಮ್ಮನ ಮಾತು ಕೇಳಿ ಒಂದು ಲಿಸ್ಟೆಡ್ ಕಂಪನಿಯ ಷೇರಿಗೆ ಹಾಕಿದ್ದೇನೆ; ಕಂಪನಿಯ ಹೆಸರು ಇಲ್ಲಿ ಬೇಡ. ಈ ಸಲದ ವಾರ್ಷಿಕ ವರದಿಯ ಪ್ರಕಾರ ನಿವ್ವಳ ಲಾಭ 42 ಕೋಟಿಯಿಂದ 86 ಕೋಟಿ ರೂಪಾಯಿಗೆ ಏರಿದೆ. ಆದರೆ ಡಿವಿಡೆಂಡ್ ಹೋದ ವರ್ಷ ಎಷ್ಟಿತ್ತೋ ಅಷ್ಟೇ, ಷೇರಿಗೆ ಮೂರು ರೂಪಾಯಿ.

ಕನ್ನಡಕ ಹಾಕಿಕೊಂಡು ಟಿಪ್ಪಣಿಗಳನ್ನೆಲ್ಲ ಓದಿದೆ. ‘ಹೂಡಿಕೆಗಳ ನ್ಯಾಯಯುತ ಮೌಲ್ಯದ ಬದಲಾವಣೆಯಿಂದ ಲಾಭ’ ಎಂಬ ಒಂದು ಸಾಲಿನಲ್ಲಿ 51 ಕೋಟಿ ಇದೆ. ಇನ್ನೊಂದು ಕಡೆ ಆ ಹೂಡಿಕೆಗಳನ್ನು ಒಂದನೇ ಹಂತ 63 ಕೋಟಿ, ಎರಡನೇ ಹಂತ 28 ಕೋಟಿ, ಮೂರನೇ ಹಂತ 117 ಕೋಟಿ ಎಂದು ವಿಂಗಡಿಸಿದ್ದಾರೆ. ಯಾವುದನ್ನೂ ಮಾರಿದಂತೆ ಕಾಣುವುದಿಲ್ಲ. ಮಾರದೆ ಲಾಭ ಬರುವುದು ಹೇಗೆ? ಬಂದಿದ್ದರೆ ನಮಗೆ ಹಂಚದಿರುವುದು ಏಕೆ? ಈ ಹಂತಗಳು ಯಾವ ಶಾಲೆಯವು? ತಿಳಿದವರು ಬಿಡಿಸಿ ಹೇಳಬೇಕು.

ಅಂಕೋಲೆಯ ಸಂದೇಹಿ

ಅಕ್ಕೋರೇ, ಉತ್ತರ ಬಹಳ ಸರಳವಾಗಿದೆ. ಅದು ಕಾಗದದ ಲಾಭ. ನಾನು ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಗೋದಾಮಿನಲ್ಲಿರುವ ಮಾಲಿನ ಬೆಲೆ ಏರಿತೆಂದು ಲಾಭ ಬರೆದುಕೊಂಡರೆ ಮನೆಯವರೇ ನಗುತ್ತಾರೆ. ಕೊಂಡ ಬೆಲೆಯೊಂದೇ ಸತ್ಯ, ಉಳಿದದ್ದೆಲ್ಲ ಅಂದಾಜು.

ಶಿರಸಿಯ ಲೆಕ್ಕಿಗ

ಅಕ್ಕೋರ ಮೂರು ಪ್ರಶ್ನೆಗಳಲ್ಲಿ ಡಿವಿಡೆಂಡಿನದಕ್ಕೆ ನೇರ ಉತ್ತರವಿರುವುದರಿಂದ ಮೊದಲು ಅದನ್ನು ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯ 123ನೇ ಕಲಮಿನ ಪ್ರಕಾರ, ಡಿವಿಡೆಂಡಿಗಾಗಿ ಲಾಭವನ್ನು ಲೆಕ್ಕ ಹಾಕುವಾಗ ಇನ್ನೂ ಕೈಗೆ ಬಾರದ ಲಾಭ, ಕಾಲ್ಪನಿಕ ಲಾಭ, ಮತ್ತು ಆಸ್ತಿಯನ್ನು ನ್ಯಾಯಯುತ ಮೌಲ್ಯದಲ್ಲಿ ಅಳೆದದ್ದರಿಂದ ಉಂಟಾದ ಬದಲಾವಣೆ, ಇವೆಲ್ಲವನ್ನೂ ಹೊರಗಿಡಬೇಕು. ಆದ್ದರಿಂದ ಆ 51 ಕೋಟಿಯನ್ನು ಕಂಪನಿ ಹಂಚಲು ಬಯಸಿದ್ದರೂ ಕಾನೂನು ಒಪ್ಪುತ್ತಿರಲಿಲ್ಲ.

ತೆರಿಗೆಯ ಟಿಪ್ಪಣಿಯಲ್ಲಿ ‘ಮುಂದೂಡಿದ ತೆರಿಗೆ’ ಎಂಬ ಸಾಲನ್ನು ನೋಡಿ. ಮಾರಿದ ದಿನ ಕಟ್ಟಬೇಕಾಗುವ ತೆರಿಗೆಗೆಂದು ಈ ಲಾಭದ ಮೇಲೆ ಸುಮಾರು 7 ಕೋಟಿಯನ್ನು ಅಲ್ಲಿ ತೆಗೆದಿಟ್ಟಿರಬಹುದು. ಹಾಗಿದ್ದರೆ 51ರಲ್ಲಿ ಉಳಿಯುವುದು 44. ಅದನ್ನು 86ರಿಂದ ಕಳೆಯಿರಿ, 42 ಕೋಟಿ. ಅಂದರೆ ಕಂಪನಿಯ ದಿನನಿತ್ಯದ ವ್ಯವಹಾರ ಹೋದ ವರ್ಷ ಇದ್ದಲ್ಲೇ ಇದೆ. ಡಿವಿಡೆಂಡ್ ಏರದಿರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಸಂದೇಹಿಗಳ ಮಾತು. ಅಂಗಡಿಯ ಮಾಲಿಗೆ ನೀವು ಹೇಳಿದ ನಿಯಮವೇ ಇಂದಿಗೂ ಇದೆ: ಕೊಂಡ ಬೆಲೆ ಮತ್ತು ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯದು. ಹೂಡಿಕೆಗಳ ದಾರಿ ಬೇರೆ. ಕೇಂದ್ರ ಸರ್ಕಾರ 2015ರಲ್ಲಿ ಇಂಡ್ ಎಎಸ್ ಎಂಬ ಲೆಕ್ಕಮಾನಕಗಳನ್ನು ಹೊರಡಿಸಿತು. 500 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ನಿವ್ವಳ ಸಂಪತ್ತಿನ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ, ಷೇರುಪೇಟೆಯಲ್ಲಿ ನೋಂದಾಯಿತವಾದ ಉಳಿದ ಕಂಪನಿಗಳಿಗೆ ಮತ್ತು ನೋಂದಾಯಿತವಲ್ಲದಿದ್ದರೂ 250 ಕೋಟಿ ಮತ್ತು ಮೇಲ್ಪಟ್ಟ ನಿವ್ವಳ ಸಂಪತ್ತಿನ ಕಂಪನಿಗಳಿಗೆ 2017ರ ಏಪ್ರಿಲ್ 1ರಿಂದ ಅವು ಕಡ್ಡಾಯವಾದವು. ಸಣ್ಣ ಕಂಪನಿಗಳು ಈಗಲೂ ಎಎಸ್ 13 ಎಂಬ ಹಳೆಯ ಲೆಕ್ಕಮಾನಕದಂತೆ ದೀರ್ಘಾವಧಿ ಹೂಡಿಕೆಯನ್ನು ಅಸಲು ಬೆಲೆಯಲ್ಲೇ ತೋರಿಸುತ್ತವೆ. ಬೆಲೆ ಬಿದ್ದದ್ದು ತಾತ್ಕಾಲಿಕವಲ್ಲ ಎನಿಸಿದಾಗ ಮಾತ್ರ ಕೆಳಗಿಳಿಸುತ್ತವೆ.

ಆ ಹಳೆಯ ಪದ್ಧತಿಯೂ ಮುಗ್ಧವಾದದ್ದೇನಲ್ಲ. ಮೂವತ್ತು ವರ್ಷದ ಹಿಂದೆ ಹತ್ತು ರೂಪಾಯಿಗೆ ಕೊಂಡ ಷೇರು ಇಂದು ಸಾವಿರಕ್ಕೆ ಹೋಗುತ್ತಿದ್ದರೂ ಪುಸ್ತಕದಲ್ಲಿ ಹತ್ತೇ. ವ್ಯಾಪಾರ ಬಿದ್ದ ವರ್ಷ ಆಡಳಿತ ಮಂಡಳಿ ಅದರಲ್ಲಿ ಸ್ವಲ್ಪ ಮಾರಿ ‘ಲಾಭ’ ತೋರಿಸುತ್ತದೆ; ನಷ್ಟದಲ್ಲಿರುವ ಷೇರನ್ನು ಮುಟ್ಟುವುದಿಲ್ಲ. ಯಾವ ವರ್ಷ ಎಷ್ಟು ಲಾಭ ಕಾಣಬೇಕೆಂಬುದನ್ನು ಅವರೇ ನಿರ್ಧರಿಸಿದಂತಾಯಿತು. ಇದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೇನೆ.

ಸಿದ್ದಾಪುರದ ತೋಟಿಗ

ಲೆಕ್ಕಿಗರು ಕಾನೂನು ಹೇಳಿದರು, ಹಂತಗಳ ವಿಷಯ ಬಾಕಿ ಉಳಿಯಿತು. ‘ನ್ಯಾಯಯುತ ಮೌಲ್ಯ’ ಎಂದರೆ ನಮ್ಮ ಅಡಿಕೆ ಧಾರಣೆಯ ಹಾಗೆಯೇ ಎಂದು ನನ್ನ ತಿಳುವಳಿಕೆ. ಶಿರಸಿಯಲ್ಲಿ ಅಡಿಕೆಯ ಬಗೆಗಳಾದ ರಾಶಿ ಎಷ್ಟಕ್ಕೆ ಹೋಯಿತು, ಚಾಲಿ ಎಷ್ಟಕ್ಕೆ ಹೋಯಿತು ಎಂದು ನಾಳೆಯ ಪತ್ರಿಕೆಯಲ್ಲಿ ಬರುತ್ತದೆ. ಮನೆಯ ಅಟ್ಟದ ಮೇಲಿರುವ ಹತ್ತು ಕ್ವಿಂಟಲಿಗೆ ಆ ದರ ಹಾಕಿದರೆ ಮುಗಿಯಿತು. ತಪ್ಪಿದ್ದರೆ ತಿದ್ದಿ.

ಶಿರಸಿಯ ಲೆಕ್ಕಿಗ

ಮುಕ್ಕಾಲು ಭಾಗ ಸರಿ. ಉಳಿದ ಕಾಲು ಭಾಗದಲ್ಲೇ ಎಲ್ಲ ಜಗಳ ಇರುವುದರಿಂದ ನಿಮ್ಮ ಹೋಲಿಕೆಯನ್ನೇ ಮುಂದುವರಿಸುತ್ತೇನೆ.

ಇಂಡ್ ಎಎಸ್ 113ರ ವ್ಯಾಖ್ಯೆಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಯಾರ ಒತ್ತಡಕ್ಕೂ ಒಳಗಾಗದೆ, ವಿಷಯ ತಿಳಿದ ಕೊಳ್ಳುವವರು ಮತ್ತು ಮಾರುವವರು ಸೇರಿರುವ ಪೇಟೆಯಲ್ಲಿ, ಲೆಕ್ಕದ ದಿನದಂದು ಆ ಆಸ್ತಿಯನ್ನು ಮಾರಿದರೆ ಕೈಗೆ ಬರಬಹುದಾದ ಬೆಲೆಯೇ ನ್ಯಾಯಯುತ ಮೌಲ್ಯ. ಕೊಂಡ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. ಮಗಳ ಮದುವೆಗೆಂದು ಅವಸರದಲ್ಲಿ ಸಿಕ್ಕಷ್ಟಕ್ಕೆ ಮಾರಿದ ಬೆಲೆಯೂ ನ್ಯಾಯಯುತ ಮೌಲ್ಯವಲ್ಲ. ‘ಮುಂದಿನ ತಿಂಗಳು ಏರುತ್ತದೆ, ಅಲ್ಲಿಯವರೆಗೆ ಇಟ್ಟುಕೊಳ್ಳುತ್ತೇನೆ’ ಎಂಬ ನಿಮ್ಮ ಲೆಕ್ಕಾಚಾರಕ್ಕೂ ಅಲ್ಲಿ ಜಾಗವಿಲ್ಲ.

ಯಾವ ಪೇಟೆ ಎಂಬ ಪ್ರಶ್ನೆಯೂ ಇದೆ. ಆ ಮಾಲಿನ ವಹಿವಾಟು ಎಲ್ಲಿ ಅತಿ ಹೆಚ್ಚೋ ಅದು ಪ್ರಧಾನ ಪೇಟೆ. ಬೇರೆ ಪುರಾವೆ ಇಲ್ಲದಿದ್ದರೆ ನೀವು ಸಾಮಾನ್ಯವಾಗಿ ಮಾರುವ ಪೇಟೆಯೇ ಪ್ರಧಾನ. ಒಂದು ದಿನ ಕುಮಟಾದಲ್ಲಿ ಹೆಚ್ಚು ದರ ಬಿತ್ತೆಂದು ಆ ದಿನಕ್ಕೆ ಮಾತ್ರ ಕುಮಟಾದ ದರ ಹಿಡಿಯುವಂತಿಲ್ಲ. ಅಟ್ಟದಿಂದ ಪೇಟೆಗೆ ಸಾಗಿಸುವ ಬಾಡಿಗೆಯನ್ನು ಕಳೆಯಬೇಕು, ಆದರೆ ದಲಾಲಿಯಂಥ ಮಾರಾಟದ ಖರ್ಚನ್ನು ಈ ಮಾನಕದಲ್ಲಿ ಕಳೆಯುವುದಿಲ್ಲ. ವಿಚಿತ್ರವೆನಿಸಿದರೂ ಇದಕ್ಕೆ ಕಾರಣವಿದೆ: ಮಾಲು ಎಲ್ಲಿದೆ ಎಂಬುದು ಮಾಲಿನದೇ ಗುಣ, ದಲಾಲಿ ಆ ವ್ಯವಹಾರದ ಗುಣ. (ಕೊಯ್ದ ಬೆಳೆಗೆ ಇಂಡ್ ಎಎಸ್ 41 ಪ್ರತ್ಯೇಕವಾಗಿದ್ದು, ಅಲ್ಲಿ ಮಾರಾಟದ ಖರ್ಚನ್ನೂ ಕಳೆಯುತ್ತಾರೆ. ಅಡಿಕೆಯನ್ನು ಇಲ್ಲಿ ಉದಾಹರಣೆಗೆಂದು ಮಾತ್ರ ತೆಗೆದುಕೊಳ್ಳಿ.)

ಈಗ ಹಂತಗಳು. ಷೇರುಪೇಟೆಯಲ್ಲಿ ದಿನವೂ ಕೈಬದಲಾಗುವ ಷೇರು ಒಂದನೇ ಹಂತ. ಒಂದು ಷೇರಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ್ದರಿಂದ ದರವನ್ನು ಸಂಖ್ಯೆಯಿಂದ ಗುಣಿಸಿದರೆ ಸಾಕು. ‘ನಮ್ಮದು ದೊಡ್ಡ ಗಂಟು, ಒಟ್ಟಿಗೆ ಮಾರಿದರೆ ದರ ಬೀಳುತ್ತದೆ’ ಎಂದು ಕಡಿತ ಮಾಡಲೂ ಅವಕಾಶವಿಲ್ಲ.

ನಿಮ್ಮ ಅಡಿಕೆ ಒಂದನೇ ಹಂತಕ್ಕೆ ಬರುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪತ್ರಿಕೆಯಲ್ಲಿ ಬಂದದ್ದು ‘ರಾಶಿ’ಯ ಕನಿಷ್ಠ, ಗರಿಷ್ಠ, ಸರಾಸರಿ, ನಿಮ್ಮ ಲಾಟಿನ ಬಣ್ಣ, ಗಾತ್ರ, ಒಣಗು ನೋಡಿ ಟೆಂಡರಿನಲ್ಲಿ ಬೀಳುವ ದರ ಬೇರೆ. ಪೇಟೆಯಲ್ಲಿ ಕಣ್ಣಿಗೆ ಕಾಣುವ ದರವನ್ನು ಹಿಡಿದು ನಮ್ಮ ಮಾಲಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಆ ಕ್ರಮವೇ ಎರಡನೇ ಹಂತ. ದಿನವೂ ವಹಿವಾಟಾಗದ ಸಾಲಪತ್ರಕ್ಕೆ ಅದೇ ಅವಧಿಯ, ಅದೇ ದರ್ಜೆಯ ಬೇರೆ ಸಾಲಪತ್ರದ ಬಡ್ಡಿಯನ್ನು ನೋಡಿ ಬೆಲೆ ಕಟ್ಟುವುದು ಇಂಥದ್ದೇ.

ಮೂರನೇ ಹಂತದಲ್ಲಿ ಪೇಟೆಯೇ ಇಲ್ಲ. ಷೇರುಪೇಟೆಗೆ ಬಾರದ ಕಂಪನಿಯೊಂದರ ಪಾಲು ನಿಮ್ಮಲ್ಲಿದೆ ಎನ್ನಿ. ಅದು ಮುಂದಿನ ವರ್ಷಗಳಲ್ಲಿ ಎಷ್ಟು ಹಣ ತರಬಹುದು, ಆ ಹಣವನ್ನು ಇಂದಿನ ಬೆಲೆಗೆ ಇಳಿಸಲು ಯಾವ ಡಿಸ್ಕೌಂಟ್ ದರ ಹಿಡಿಯಬೇಕು, ಇವನ್ನೆಲ್ಲ ಕಂಪನಿಯೇ ಅಂದಾಜಿಸಬೇಕು. ಒಂದು ಲೆಕ್ಕ ಮಾಡಿ ನೋಡಿ: ಮುಂದಿನ ವರ್ಷ 10 ಕೋಟಿ ಬರುತ್ತದೆ, ಆಮೇಲೆ ವರ್ಷಕ್ಕೆ ಶೇ. 4ರಂತೆ ಬೆಳೆಯುತ್ತದೆ ಎಂದುಕೊಳ್ಳಿ. ಡಿಸ್ಕೌಂಟ್ ದರ ಶೇ. 12 ಆದರೆ ಅದರಿಂದ ಬೆಳವಣಿಗೆಯ ಶೇ. 4 ಕಳೆದು, 10ನ್ನು ಉಳಿದ ಶೇ. 8ರಿಂದ, ಅಂದರೆ 0.08ರಿಂದ ಭಾಗಿಸಬೇಕು, 125 ಕೋಟಿ. ಶೇ. 13 ಮಾಡಿದರೆ 111 ಕೋಟಿ, ಶೇ. 11 ಮಾಡಿದರೆ 143 ಕೋಟಿ. ವ್ಯಾಪಾರ ಅದೇ, ಯಂತ್ರಗಳು ಅವೇ, ನೌಕರರೂ ಅವರೇ.

ಅಂಕೋಲೆಯ ಸಂದೇಹಿ

ಅದನ್ನೇ ನಾನು ಹೇಳಿದ್ದು! ಒಂದು ಅಂಕಿಯನ್ನು ಆಚೀಚೆ ಮಾಡಿದರೆ ಮೂವತ್ತು ಕೋಟಿ ಆಚೀಚೆ. 2003ರ ಸುಮಾರಿಗೆ ನಮ್ಮ ಜಿಲ್ಲೆಯ ತೋಟಗಳಲ್ಲಿ ವೆನಿಲಾ ಬಳ್ಳಿ ಲೆಕ್ಕ ಹಾಕಿ ಶ್ರೀಮಂತರಾದವರನ್ನು ನೆನಪಿಸಿಕೊಳ್ಳಿ. ಎರಡು ವರ್ಷದಲ್ಲಿ ಕೋಡು ಕೊಳ್ಳುವವರೇ ಇರಲಿಲ್ಲ.

ಸಿದ್ದಾಪುರದ ತೋಟಿಗ

ವೆನಿಲಾದ ವಿಷಯ ಎತ್ತಬೇಡಿ ಮಾರಾಯರೇ, ನಮ್ಮ ತೋಟದ ಮೂಲೆಯಲ್ಲಿ ಇನ್ನೂ ಕೆಲವು ಬಳ್ಳಿ ಇವೆ. ಆದರೆ ಒಂದು ಮಾತು ಕೇಳಿ. ಆಗ ದರ ಇದ್ದದ್ದು ಸುಳ್ಳಾಗಿರಲಿಲ್ಲ, ಆ ದರಕ್ಕೆ ಮಾರಿದವರೂ ಇದ್ದರು. ಆ ದರ ಇನ್ನು ಹತ್ತು ವರ್ಷ ಹಾಗೆಯೇ ಇರುತ್ತದೆಂದು ಸಾಲ ಮಾಡಿ ಬಳ್ಳಿ ನೆಟ್ಟದ್ದು ನಮ್ಮ ತಪ್ಪು. ಅಂದಿನ ದರವನ್ನು ಅಂದಿನ ಬೆಲೆ ಎಂದು ಬರೆಯುವುದು ಬೇರೆ, ಅದನ್ನು ಖರ್ಚು ಮಾಡುವುದು ಬೇರೆ. ಲೆಕ್ಕಿಗರು ಹೇಳಿದ 123ನೇ ಕಲಮು ತಡೆಯುವುದು ಎರಡನೆಯದನ್ನು ಎಂದು ನನಗೆ ಅರ್ಥವಾಯಿತು.

ಶರಾವತಿ ದಂಡೆ, ಈಗ ಮುಂಬೈ

ನಾನು ಹೊನ್ನಾವರದವನು, ಇಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದೇನೆ. ಮೂರನೇ ಹಂತದ ಅಂಕಿಗಳನ್ನು ಪರೀಕ್ಷಿಸುವುದರಲ್ಲೇ ನನ್ನ ವರ್ಷದ ಅರ್ಧ ಕಳೆಯುತ್ತದೆ. ಸಂದೇಹಿಗಳ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದು ಹೆಚ್ಚಾಗಿ ಎಲ್ಲಿ ನಿಜವಾಗುತ್ತದೆ ಎಂಬುದನ್ನು ಹೇಳುತ್ತೇನೆ.

ಡಿಸ್ಕೌಂಟ್ ದರಕ್ಕಿಂತ ನನ್ನ ನಿದ್ದೆ ಕೆಡಿಸುವುದು ‘ಹಿಂದಿನ ಸುತ್ತಿನ ಬೆಲೆ’. ಹೊಸ ಕಂಪನಿಯೊಂದು ಹಣ ಎತ್ತುವಾಗ ಕೊನೆಯ ಹೂಡಿಕೆದಾರ ಷೇರಿಗೆ ಸಾವಿರ ರೂಪಾಯಿ ಕೊಟ್ಟನೆಂದರೆ, ಹಳೆಯ ಹೂಡಿಕೆದಾರರೆಲ್ಲ ತಮ್ಮ ಷೇರಿಗೂ ಸಾವಿರ ಬರೆದುಕೊಳ್ಳಲು ಮುಂದಾಗುತ್ತಾರೆ. ಕೊನೆಗೆ ಬಂದವನು ಪಡೆದದ್ದು ಆದ್ಯತೆಯ ಷೇರು; ಕಂಪನಿ ಮುಳುಗಿದರೆ ಅವನ ಹಣ ಮೊದಲು ವಾಪಸಾಗಬೇಕೆಂಬ ಕರಾರು ಅದರಲ್ಲಿರುತ್ತದೆ. ಹಳಬರದು ಸಾದಾ ಷೇರು. ಎರಡಕ್ಕೂ ಒಂದೇ ಬೆಲೆ ಕಟ್ಟುವುದು ಅಡಿಕೆಯಲ್ಲಿ ಬೆಟ್ಟೆಗೂ ಕೆಂಪುಗೋಟಿಗೂ ಒಂದೇ ಧಾರಣೆ ಹಾಕಿದಂತೆ.

ಸಾರ್ವಜನಿಕವಾಗಿ ದಾಖಲಾಗಿರುವ ಎರಡು ಪ್ರಸಂಗಗಳಿವೆ. 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಲಾಗಿದ್ದ ಬೈಜೂಸ್‌ನಲ್ಲಿ ನೆದರ್ಲೆಂಡ್ಸ್‌ನ ಪ್ರೋಸಸ್ ಕಂಪನಿಗೆ ಶೇ. 9.6ರಷ್ಟು ಪಾಲಿತ್ತು. ಅದು ಹಂತಹಂತವಾಗಿ ಬೆಲೆ ಇಳಿಸುತ್ತ ಬಂದು, 2024ರ ವಾರ್ಷಿಕ ವರದಿಯಲ್ಲಿ ಪೂರ್ತಿ ಸೊನ್ನೆ ಮಾಡಿ 493 ದಶಲಕ್ಷ ಡಾಲರ್ ನಷ್ಟ ತೋರಿಸಿತು. ಇನ್ನೊಂದು ಪ್ರಸಂಗ ಇದಕ್ಕೆ ತಿರುಗುಮುರುಗು. ಸ್ವಿಗ್ಗಿ 2022ರ ಆರಂಭದಲ್ಲಿ 10.7 ಶತಕೋಟಿ ಡಾಲರ್ ಬೆಲೆಯಲ್ಲಿ ಹಣ ಎತ್ತಿತ್ತು. ಅದರಲ್ಲಿ ಹೂಡಿಕೆ ಮಾಡಿದ್ದ ಅಮೆರಿಕದ ಹೂಡಿಕೆ ಸಂಸ್ಥೆ ಇನ್ವೆಸ್ಕೋ 2023ರಲ್ಲಿ ಅದನ್ನು ಸುಮಾರು 5.5 ಶತಕೋಟಿಗೆ ಇಳಿಸಿಕೊಂಡಿತು. 2024ರ ನವೆಂಬರಿನಲ್ಲಿ ಷೇರಿಗೆ 390 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ನೀಡಿದಾಗ ಕಂಪನಿಯ ಬೆಲೆ ಮತ್ತೆ 11 ಶತಕೋಟಿ ದಾಟಿತ್ತು. ಇಳಿಸಿದವರು ಸುಳ್ಳು ಹೇಳಿದರೆನ್ನಲು ಬರುವುದಿಲ್ಲ. ಆ ದಿನ ಇದ್ದ ಮಾಹಿತಿಯಲ್ಲಿ ಅವರ ಅಂದಾಜು ಅದಾಗಿತ್ತು. ಷೇರುಪೇಟೆಗೆ ಬಂದ ದಿನ ಅದೇ ಹೂಡಿಕೆ ಮೂರನೇ ಹಂತದಿಂದ ಒಂದನೇ ಹಂತಕ್ಕೆ ಜಿಗಿಯುತ್ತದೆ, ಅಂದಾಜಿನ ಕೆಲಸ ಅಲ್ಲಿಗೆ ಮುಗಿಯುತ್ತದೆ.

ನಾನು ಲೆಕ್ಕ ನೋಡುವಾಗ ಮಾಡುವ ಒಂದು ಪರೀಕ್ಷೆಯನ್ನು ಮನೆಯಲ್ಲಿ ಕುಳಿತ ಷೇರುದಾರರೂ ಮಾಡಬಹುದು. ಕಂಪನಿ ಮೂರನೇ ಹಂತದ ಯಾವುದಾದರೂ ಹೂಡಿಕೆಯನ್ನು ನಿಜವಾಗಿ ಮಾರಿದ್ದರೆ, ಸಿಕ್ಕ ಬೆಲೆಯನ್ನು ಹಿಂದಿನ ಮಾರ್ಚ್ 31ರಂದು ಬರೆದುಕೊಂಡಿದ್ದ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ನಾಲ್ಕೈದು ಮಾರಾಟಗಳಲ್ಲಿ ಪ್ರತಿಸಲವೂ ಸಿಕ್ಕದ್ದು ಕಡಿಮೆಯಾಗಿದ್ದರೆ ಅವರ ಅಂದಾಜು ಯಾವ ಕಡೆ ವಾಲುತ್ತದೆ ಎಂಬುದು ತಿಳಿಯುತ್ತದೆ.

ಕಾಳಿ ದಂಡೆ

ಕಾರವಾರದಿಂದ ಬರೆಯುತ್ತಿದ್ದೇನೆ, ಬ್ಯಾಂಕೊಂದರ ಖಜಾನೆ ವಿಭಾಗದಲ್ಲಿದ್ದು ನಿವೃತ್ತನಾದವನು. ನ್ಯಾಯಯುತ ಮೌಲ್ಯವನ್ನು ಬೈಯುವವರು, ಅದನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2022ರ ಕೊನೆಗೆ ಸುಮಾರು 91 ಶತಕೋಟಿ ಡಾಲರಿನ ಸಾಲಪತ್ರಗಳನ್ನು ‘ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವವು’ ಎಂಬ ವರ್ಗದಲ್ಲಿ ಇಟ್ಟಿತ್ತು. ಆ ವರ್ಗಕ್ಕೆ ಪೇಟೆಯ ಬೆಲೆ ಅನ್ವಯಿಸುವುದಿಲ್ಲ. ಬಡ್ಡಿ ದರ ಏರಿದ್ದರಿಂದ ಅವುಗಳ ಪೇಟೆ ಬೆಲೆ 76 ಶತಕೋಟಿಗೆ ಇಳಿದಿತ್ತು. 15 ಶತಕೋಟಿಯ ಈ ಕುಳಿ ಬ್ಯಾಂಕಿನ ಸ್ವಂತ ಬಂಡವಾಳದ ಹತ್ತಿರ ಹತ್ತಿರ ಇತ್ತು, ಆದರೆ ಲಾಭ-ನಷ್ಟದಲ್ಲಿ ಎಲ್ಲೂ ಕಾಣಲಿಲ್ಲ. ಟಿಪ್ಪಣಿಯಲ್ಲಿ ಮಾತ್ರ ಇತ್ತು, ಓದಿದವರಿಗೆ ಕಂಡಿತು. 2023ರ ಮಾರ್ಚ್‌ನಲ್ಲಿ ಬೇರೆ ವರ್ಗದ ಸಾಲಪತ್ರಗಳನ್ನು ಮಾರಿ 1.8 ಶತಕೋಟಿ ನಷ್ಟವಾಯಿತೆಂದು ಬ್ಯಾಂಕ್ ಪ್ರಕಟಿಸಿದಾಗ ಠೇವಣಿದಾರರು ಮುಗಿಬಿದ್ದರು, ಎರಡು ದಿನದಲ್ಲಿ ಬಾಗಿಲು ಮುಚ್ಚಿತು.

ನಮ್ಮ ವಾಣಿಜ್ಯ ಬ್ಯಾಂಕುಗಳು ಇನ್ನೂ ಇಂಡ್ ಎಎಸ್‌ಗೆ ಬಂದಿಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲಿ ಅದನ್ನು ಮುಂದೂಡಿತು. ಆದರೆ 2023ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನಗಳಲ್ಲಿ ಇದೇ ಮೂರು ಹಂತಗಳಿವೆ. ಮೂರನೇ ಹಂತದಲ್ಲಿ ಕೈಗೆ ಬಾರದ ಲಾಭವನ್ನು ಡಿವಿಡೆಂಡಿಗೆ ಬಳಸುವಂತಿಲ್ಲ, ಮೂಲ ಬಂಡವಾಳದ ಲೆಕ್ಕದಿಂದಲೂ ಅದನ್ನು ಕಳೆಯಬೇಕು. ಅಂದಾಜನ್ನು ಬರೆಯಿರಿ, ಆದರೆ ಅದರ ಮೇಲೆ ಮನೆ ಕಟ್ಟಬೇಡಿ ಎಂದು ರಿಸರ್ವ್ ಬ್ಯಾಂಕ್ ಹೇಳಿದಂತಿದೆ.

ಸಿದ್ದಾಪುರದ ತೋಟಿಗ

ಹಾಗಿದ್ದರೆ ನಮ್ಮ ಸೊಸೈಟಿಯ ಷೇರಿಗೂ ಹೀಗೆ ಬೆಲೆ ಕಟ್ಟುತ್ತಾರೆಯೇ? ದಾಂಡೇಲಿಯ ಪೇಪರ್ ಮಿಲ್ 2019ರಲ್ಲಿ ಆಂಧ್ರ ಪೇಪರ್ ಕಂಪನಿಯ ಬಹುಪಾಲು ಷೇರು ಕೊಂಡಿತಲ್ಲ, ಅದಕ್ಕೂ ದಿನದ ದರ ಹಾಕುತ್ತಾರೆಯೇ?

ಶಿರಸಿಯ ಲೆಕ್ಕಿಗ

ಎರಡೂ ಈ ಲೆಕ್ಕದ ಹೊರಗೆ. ಸಹಕಾರಿ ಸಂಘ ಕಂಪನಿಯಲ್ಲ, ಅದರ ಷೇರಿಗೆ ಪೇಟೆಯೂ ಇಲ್ಲ. ಮುಖಬೆಲೆಗೆ ಕೊಟ್ಟು ಮುಖಬೆಲೆಗೇ ಹಿಂಪಡೆಯುವುದು ರೂಢಿ. ಇನ್ನು ಅಧೀನ ಕಂಪನಿಯನ್ನು ಕ್ರೋಡೀಕೃತ ಲೆಕ್ಕಪತ್ರದಲ್ಲಿ ಷೇರಿನ ದರದಿಂದ ತೋರಿಸುವುದಿಲ್ಲ. ಅದರ ಆಸ್ತಿ, ಸಾಲ, ಆದಾಯ, ಖರ್ಚುಗಳನ್ನು ಒಂದೊಂದಾಗಿ ತಾಯಿ ಕಂಪನಿಯ ಅಂಕಿಗಳಿಗೆ ಕೂಡಿಸುತ್ತಾರೆ. ತಾಯಿ ಕಂಪನಿಯ ಪ್ರತ್ಯೇಕ ಲೆಕ್ಕಪತ್ರದಲ್ಲಿ ಅಸಲು ಬೆಲೆಯಲ್ಲಿ ಇಡಲು ಇಂಡ್ ಎಎಸ್ 27 ಅವಕಾಶ ಕೊಡುತ್ತದೆ. ಹಿಡಿತ ಸಾಧಿಸಲು ಕೊಂಡದ್ದಕ್ಕೂ ಹಣ ಬೆಳೆಯಲೆಂದು ಕೊಂಡದ್ದಕ್ಕೂ ಇರುವ ವ್ಯತ್ಯಾಸವಿದು.

ಅಕ್ಕೋರಿಗೆ ಇನ್ನೊಂದು ಸೂಚನೆ. ವ್ಯಾಪಾರಕ್ಕಾಗಿ ಅಲ್ಲದೆ ಕೊಂಡ ಷೇರುಗಳ ಏರಿಳಿತವನ್ನು ಲಾಭ-ನಷ್ಟದ ಬದಲು ‘ಇತರ ಸಮಗ್ರ ಆದಾಯ’ ಎಂಬ ಬೇರೆ ಕಂಬಕ್ಕೆ ಹಾಕುವ ಆಯ್ಕೆಯನ್ನು ಇಂಡ್ ಎಎಸ್ 109 ಕೊಡುತ್ತದೆ. ಕೊಂಡಾಗಲೇ ಅದನ್ನು ಆರಿಸಿಕೊಳ್ಳಬೇಕು, ಆಮೇಲೆ ಬದಲಿಸುವಂತಿಲ್ಲ, ಮುಂದೆ ಮಾರಿದರೂ ಆ ಲಾಭ ಲಾಭ-ನಷ್ಟ ಪತ್ರಿಕೆಗೆ ಬರುವುದಿಲ್ಲ. ನಿಮ್ಮ ಕಂಪನಿ ಆ ದಾರಿ ಹಿಡಿದಿದ್ದರೆ ಈ ವರ್ಷದ ಲಾಭ 42 ಕೋಟಿ ಎಂದೇ ಅಚ್ಚಾಗುತ್ತಿತ್ತು, ನೀವು ಈ ಪ್ರಶ್ನೆ ಕೇಳುವ ಪ್ರಮೇಯವೂ ಬರುತ್ತಿರಲಿಲ್ಲ. ಈಗ ವರದಿಯಲ್ಲಿ ಮೂರನೇ ಹಂತದ ಹೊಂದಾಣಿಕೆಯ ಪಟ್ಟಿಯನ್ನೂ (ವರ್ಷದ ಆರಂಭದ ಮೊತ್ತ ಕೊನೆಯ ಮೊತ್ತವಾದದ್ದು ಹೇಗೆಂಬ ಲೆಕ್ಕ), ‘ಗೋಚರಿಸದ ಮಹತ್ವದ ಅಂಶಗಳು’ ಎಂಬ ಪಟ್ಟಿಯನ್ನೂ (ಪೇಟೆಯಲ್ಲಿ ಕಾಣದೆ ಕಂಪನಿಯೇ ಅಂದಾಜಿಸಿದ ದರಗಳು) ಹುಡುಕಿ. ಎರಡನ್ನೂ ಕೊಡುವುದು ಕಡ್ಡಾಯ.

ಕುಮಟಾ ಅಕ್ಕೋರು

ಹುಡುಕಿದೆ, ಸಿಕ್ಕಿತು. ತೆರಿಗೆಯ ಟಿಪ್ಪಣಿಯಲ್ಲಿ ನೀವು ಊಹಿಸಿದ 7 ಕೋಟಿಯೂ ಇದೆ. ಮೂರನೇ ಹಂತ: ವರ್ಷದ ಆರಂಭಕ್ಕೆ 58 ಕೋಟಿ, ಹೊಸದಾಗಿ ಕೊಂಡದ್ದು 12 ಕೋಟಿ, ಮೌಲ್ಯದ ಏರಿಕೆ 47 ಕೋಟಿ, ಕೊನೆಗೆ 117. ಮಾರಿದ್ದು ಏನೂ ಇಲ್ಲ, ಆದ್ದರಿಂದ ಮುಂಬೈಯವರು ಹೇಳಿದ ಪರೀಕ್ಷೆಗೆ ಅವಕಾಶವಿಲ್ಲ. ಇನ್ನೊಂದು ಪಟ್ಟಿಯಲ್ಲಿ ಡಿಸ್ಕೌಂಟ್ ದರ ಈ ವರ್ಷ ಶೇ. 13 ಎಂದಿದೆ. ಹೋದ ವರ್ಷದ ವರದಿಯನ್ನು ಕಪಾಟಿನಿಂದ ತೆಗೆದು ನೋಡಿದರೆ ಅಲ್ಲಿ ಶೇ. 16 ಇದೆ. ಕಾರಣವನ್ನು ಎರಡೂ ಕಡೆ ಬರೆದಿಲ್ಲ.

ಲೆಕ್ಕಿಗರು ಕಲಿಸಿದ ಭಾಗಾಕಾರವನ್ನೇ ಮಾಡಿದೆ. ಬೆಳವಣಿಗೆ ಶೇ. 4 ಎಂದುಕೊಂಡರೆ ಹೋದ ವರ್ಷ 0.12ರಿಂದ ಭಾಗಿಸಿದ್ದನ್ನು ಈ ವರ್ಷ 0.09ರಿಂದ ಭಾಗಿಸಬೇಕು, ಬೆಲೆ ಮೂರನೇ ಒಂದರಷ್ಟು ಏರುತ್ತದೆ. 58 ಕೋಟಿಗೆ ಸುಮಾರು 19 ಕೋಟಿ. ಅಂದರೆ 47ರಲ್ಲಿ 19 ಕೋಟಿ ದರ ಬದಲಿಸಿದ್ದರಿಂದಲೇ ಬಂದಿರಬಹುದು. ಈ ಲೆಕ್ಕ ಸರಿಯೇ?

ಶರಾವತಿ ದಂಡೆ, ಈಗ ಮುಂಬೈ

ಅಕ್ಕೋರೇ, ನಮ್ಮ ಕಚೇರಿಗೆ ಹೊಸದಾಗಿ ಸೇರುವವರಿಗಿಂತ ನೀವು ಬೇಗ ಕಲಿತಿರಿ. ಎಲ್ಲ ಹೂಡಿಕೆಗೂ ಒಂದೇ ವಿಧಾನ ಬಳಸಿದ್ದಾರೆಂಬುದು ನಿಮ್ಮ ಊಹೆ, ಅದು ಪೂರ್ತಿ ನಿಜವಾಗಿರಲಾರದು. ಆದರೆ ದಿಕ್ಕು ಸರಿಯಾಗಿದೆ. ದರ ಇಳಿಸಲು ಕಾರಣ ಇರಬಹುದು: ಆ ಕಂಪನಿಗಳು ಸಾಲ ತೀರಿಸಿರಬಹುದು, ಗಿರಾಕಿಗಳು ನೆಲೆ ನಿಂತಿರಬಹುದು. ಕಾರಣ ಇದ್ದರೆ ಹೇಳಲು ಅವರಿಗೇನೂ ಕಷ್ಟವಿಲ್ಲ.

ಅಂಕೋಲೆಯ ಸಂದೇಹಿ

ಕೊಂಡ ಬೆಲೆಯೊಂದೇ ಸತ್ಯ ಎಂಬ ನನ್ನ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಸಲು ಬೆಲೆಯಲ್ಲಿ ಬರೆದಿದ್ದರೆ ಆ ಶೇ. 16 ಮತ್ತು 13 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ.

ಕುಮಟಾ ಅಕ್ಕೋರು

ವಾರ್ಷಿಕ ಸಭೆ ಮುಂದಿನ ತಿಂಗಳಿದೆ. ಕಂಪನಿ ಕಾರ್ಯದರ್ಶಿಗೆ ಹೀಗೊಂದು ಪತ್ರ ಬರೆದಿದ್ದೇನೆ, ಕಳಿಸುವ ಮೊದಲು ನೋಡಿ:

‘ಮೂರನೇ ಹಂತದ ಹೂಡಿಕೆಗಳ ಡಿಸ್ಕೌಂಟ್ ದರವನ್ನು ಶೇ. 16ರಿಂದ 13ಕ್ಕೆ ಇಳಿಸಲು ಕಾರಣವೇನು, ಹಳೆಯ ದರವನ್ನೇ ಉಳಿಸಿಕೊಂಡಿದ್ದರೆ ಈ ವರ್ಷದ ಲಾಭ ಎಷ್ಟಾಗುತ್ತಿತ್ತು, ಮತ್ತು ಈ ಹೂಡಿಕೆಗಳ ಮಾರಾಟದಿಂದ ಬಂದ 47 ಕೋಟಿಯಲ್ಲಿ ಯಾವ ಹೂಡಿಕೆಯ ಪಾಲು ಎಷ್ಟು ಎಂಬುದನ್ನು ದಯವಿಟ್ಟು ತಿಳಿಸಬೇಕು.’

ಶಿರಸಿಯ ಲೆಕ್ಕಿಗ

‘ಮಾರಾಟದಿಂದ ಬಂದ’ ಎಂಬುದನ್ನು ಹೊಡೆದುಹಾಕಿ ‘ಮೌಲ್ಯಮಾಪನದಿಂದ ಬಂದ’ ಎಂದು ಬರೆಯಿರಿ. ಇಲ್ಲದಿದ್ದರೆ ‘ಮಾರಾಟವೇ ಆಗಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಜೊತೆಗೆ, ಮೌಲ್ಯ ಕಟ್ಟಿದವರು ಕಂಪನಿ ಕಾಯ್ದೆಯ 247ನೇ ಕಲಮಿನಡಿ ನೋಂದಾಯಿತರಾದ ಮೌಲ್ಯಮಾಪಕರೇ ಅಥವಾ ಕಂಪನಿಯ ಸ್ವಂತ ಸಿಬ್ಬಂದಿಯೇ ಎಂದೂ ಕೇಳಿ. ಉಳಿದಂತೆ ಪತ್ರ ಸರಿಯಾಗಿದೆ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ.